ಕೈ ಊರದೆ ಏಳಬಲ್ಲಿರಾ?

ಮೊನ್ನೆ ನೆಲದ ಮೇಲೆ ಕೂತು ಎದ್ದೆ. ಹತ್ತಕ್ಕೆ ಏಳು ಅಂಕ ಬಂತು.

ಇದು ಬ್ರೆಜಿಲ್‌ನ ವೈದ್ಯ ಕ್ಲಾಡಿಯೋ ಜಿಲ್ ಅರೌಜೊ ಬಳಕೆಗೆ ತಂದ ಪರೀಕ್ಷೆ. ಬರಿಗಾಲಲ್ಲಿ ನಿಲ್ಲಬೇಕು. ನೆಲಕ್ಕೆ ಕೂರಬೇಕು, ಮತ್ತೆ ಏಳಬೇಕು. ಕೂರೋದಕ್ಕೆ ಐದು ಅಂಕ, ಏಳೋದಕ್ಕೆ ಐದು. ಕೈ ಊರಿದರೆ ಒಂದು ಅಂಕ ಹೋಯ್ತು, ಮಂಡಿ ಊರಿದರೆ ಇನ್ನೊಂದು. ಸುಮ್ನೆ ತೂರಾಡಿದರೂ ಅರ್ಧ ಅಂಕ ಕಳೆಯುತ್ತಾರೆ. ನಾನು ಕೂರುವಾಗ ಕೊನೆಯಲ್ಲಿ ಸ್ವಲ್ಪ ವಾಲಿದೆ: ಅರ್ಧ ಅಂಕ. ಏಳುವಾಗ ಬಲಗೈ ತಾನಾಗಿಯೇ ನೆಲಕ್ಕೆ ಹೋಯ್ತು, ಹಿಂದೆಯೇ ಮಂಡಿಯೂ ಊರಿತು, ನಿಂತ ಮೇಲೆ ಇನ್ನೊಮ್ಮೆ ತೂರಾಡಿದೆ. ಅಲ್ಲಿಗೆ ಎರಡೂವರೆ ಹೋಯ್ತು. ಇಷ್ಟು ವರ್ಷ ಪ್ರತಿ ಸಲ ಏಳುವಾಗಲೂ ಕೈ ಹೀಗೆ ನೆರವಿಗೆ ಹೋಗುತ್ತಿತ್ತು ಅನ್ನೋದು ಗೊತ್ತಾಗಿದ್ದೇ ಅವತ್ತು.

ಅರೌಜೊ ತಂಡ 51ರಿಂದ 80 ವರ್ಷದ 2,002 ಜನರಿಗೆ ಈ ಪರೀಕ್ಷೆ ಮಾಡಿಸಿ, ಮುಂದಿನ ಆರೇಳು ವರ್ಷ ಅವರನ್ನು ಗಮನಿಸಿತು. ಫಲಿತಾಂಶ 2012ರಲ್ಲಿ ಹೊರಬಂತು. ಎಂಟು ಅಥವಾ ಅದಕ್ಕೂ ಹೆಚ್ಚು ಅಂಕ ಪಡೆದವರಿಗೆ ಹೋಲಿಸಿದರೆ, ಮೂರರೊಳಗೆ ನಿಂತವರು ಆ ಅವಧಿಯಲ್ಲಿ ತೀರಿಕೊಳ್ಳುವ ಅಪಾಯ ಐದು ಪಟ್ಟು ಜಾಸ್ತಿ ಇತ್ತು. ನನ್ನಂಥ ಏಳರವರಿಗೆ ಸುಮಾರು 1.8 ಪಟ್ಟು. ಗಾಬರಿ ಬೇಡ. ಕೈ ಊರಿದ್ದಕ್ಕೇ ಯಾರೂ ಸಾಯುವುದಿಲ್ಲ. ಕಾಲಿನ ಬಲ, ಕೀಲುಗಳ ಬಾಗುವ ಗುಣ, ಸಮತೋಲನ, ಮೈತೂಕ ಎಲ್ಲವನ್ನೂ ಈ ಒಂದು ಏಳುವಿಕೆ ಒಟ್ಟಿಗೆ ತೋರಿಸಿಬಿಡುತ್ತದೆ, ಅಷ್ಟೇ. ಮಂಡಿ ನೋವಿರುವವರು, ಬೀಳುವ ಭಯ ಇರುವವರು ಇದನ್ನು ಒಬ್ಬರೇ ಮಾಡಲು ಹೋಗಬೇಡಿ.

ಮುಪ್ಪಿಗೆ ತಯಾರಿ ಅಂದ ತಕ್ಷಣ ನಮ್ಮ ತಲೆಗೆ ಬರೋದು ದುಡ್ಡು. ಎಷ್ಟು ಉಳಿಸಿದ್ದೇವೆ, ಎಷ್ಟು ವರ್ಷಕ್ಕೆ ಸಾಕು. ಮೈಯಲ್ಲೂ ಅಂಥದ್ದೊಂದು ಇಡುಗಂಟು ಇದೆ. ಅದರ ಪಾಸ್‌ಬುಕ್ ಮಾತ್ರ ಯಾರೂ ಕೊಡುವುದಿಲ್ಲ.

ಕುರ್ಚಿಯಿಂದ ಏಳೋದನ್ನೇ ನೋಡಿ. ಅದಕ್ಕೆ ತೊಡೆಯಲ್ಲಿ ಇಂತಿಷ್ಟು ಬಲ ಬೇಕೇ ಬೇಕು. ಇಪ್ಪತ್ತೈದರಲ್ಲಿ ನಮ್ಮ ಹತ್ತಿರ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಆದರೆ ಕುರ್ಚಿಯಿಂದ ಏಳುತ್ತಲೇ ಇರುತ್ತೇವೆ, ಹಾಗಾಗಿ ಏನೂ ಕಡಿಮೆ ಆದಂತೆ ಅನ್ನಿಸೋದಿಲ್ಲ. ಒಂದು ದಿನ ಇರುವ ಬಲಕ್ಕೂ ಬೇಕಾದ ಬಲಕ್ಕೂ ಕೂದಲೆಳೆಯ ಅಂತರ ಉಳಿದಿರುತ್ತದೆ. ಅದೇ ಹೊತ್ತಿಗೆ ಒಂದು ಜ್ವರ ಬಂದು ಹತ್ತು ದಿನ ಮಲಗಿದರೆ ಮುಗೀತು. ‘ಜ್ವರ ಬಂದ ಮೇಲೆ ಅವರು ಏಳಲೇ ಇಲ್ಲ’ ಅನ್ನುತ್ತಾರೆ ಜನ. ಜ್ವರ ಕೊನೆಯ ಕಂತು ಮಾತ್ರ ವಸೂಲಿ ಮಾಡಿರುತ್ತದೆ.

ಹಾಸಿಗೆ ಎಷ್ಟು ದುಬಾರಿ ಅನ್ನೋದಕ್ಕೆ ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ನಡೆದ ಒಂದು ಪ್ರಯೋಗ ಇದೆ. ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಮೈಗೆ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕೂ ಜಾಸ್ತಿ ಕುಸಿಯಿತು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಅವರೀಗ ಐವತ್ತರವರು, ತೂಕವೂ ಏರಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿ ಆ ಮೂರು ವಾರದ ಹಾಸಿಗೆ ಮಾಡಿದ್ದಕ್ಕಿಂತ ಕಡಿಮೆಯೇ ಇತ್ತು! ಆಮೇಲೆ ಆರು ತಿಂಗಳು ನಡಿಗೆ, ಓಟ, ಸೈಕಲ್ ಅಂತ ಕಸರತ್ತು ಮಾಡಿಸಿದರು. ವಯಸ್ಸು ತಿಂದದ್ದನ್ನು ಮರಳಿ ಪಡೆದರು. ನನಗೆ ಈ ಪ್ರಯೋಗ ತುಂಬಾ ಇಷ್ಟ. ಐದೇ ಜನ ಅನ್ನೋದು ನಿಜ, ಆದರೆ ಅದೇ ಐದು ದೇಹಗಳನ್ನು ಮೂವತ್ತು ವರ್ಷ ಬಿಟ್ಟು ಅಳೆಯುವ ತಾಳ್ಮೆ ಎಲ್ಲಿ ಸಿಗುತ್ತೆ?

ಇಡುಗಂಟನ್ನು ಅಳೆಯಲು ಬೇರೆ ದಾರಿಗಳೂ ಇವೆ. 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನವೊಂದು 2015ರಲ್ಲಿ ಬಂತು. ಸಾವಿನ ಅಪಾಯ ಊಹಿಸುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಗಿಂತ ಕೈಯ ಹಿಡಿತದ ಬಲವೇ ಮುಂದಿತ್ತು. ನಡಿಗೆಯ ವೇಗವೂ ಒಂದು ಅಳತೆ. ಇನ್ನು ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುವ ಪರೀಕ್ಷೆ. ಹಲ್ಲುಜ್ಜುವಾಗ ಗೋಡೆ ಪಕ್ಕ ನಿಂತು ನೋಡಬಹುದು. ಕೆಲವು ಪ್ರಶ್ನೆಗಳಿಗೆ ಟಿಕ್ ಮಾಡಿದರೆ ‘ನಿಮ್ಮ ನಿಜವಾದ ವಯಸ್ಸು 43’ ಅಂತ ಹೇಳುವ ಆ್ಯಪ್‌ಗಳಿಗಿಂತ ಇವನ್ನು ನಾನು ಜಾಸ್ತಿ ನಂಬುತ್ತೇನೆ. ಪ್ರಶ್ನೆಪತ್ರಿಕೆಗೆ ಸುಳ್ಳು ಹೇಳಬಹುದು, ಒಂಟಿ ಕಾಲಿಗೆ ಆಗೋದಿಲ್ಲ.

ಮೈ ಆಯ್ತು. ಕಿವಿ ಪರೀಕ್ಷೆ ಮಾಡಿಸಿ ಎಷ್ಟು ವರ್ಷ ಆಯ್ತು? ಮರೆಗುಳಿ ರೋಗಕ್ಕೆ ದಾರಿ ಮಾಡುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವಿ ಮಂದವಾಗುವುದು ದೊಡ್ಡ ಕಾರಣಗಳಲ್ಲೊಂದು. ಕೇಳಿಸದವರು ಮೆಲ್ಲಗೆ ಮಾತಿನಿಂದ ದೂರ ಸರಿಯುತ್ತಾರೆ, ‘ಹೂಂ’ ಅಂದು ನಕ್ಕು ಸುಮ್ಮನಾಗುತ್ತಾರೆ. ನೋಡಿರ್ತೀರಿ ಅಲ್ವಾ? ಮಾತು ಕಳಕೊಂಡರೆ ಜನರನ್ನೂ ಕಳಕೊಂಡಂತೆ. 148 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಲೆಕ್ಕ ಹಾಕಿದಾಗ, ಒಳ್ಳೆಯ ಒಡನಾಟ ಇದ್ದವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚು ಕಂಡಿತ್ತು. ಇದಕ್ಕೆ ನನ್ನದೇ ಒಂದು ಪರೀಕ್ಷೆ ಇದೆ: ಈ ವಾರ ಕೆಲಸವೇನೂ ಇಲ್ಲದೆ, ಬರೀ ಮಾತಾಡೋಕೆ ಅಂತ ನಿಮಗೆ ಫೋನ್ ಮಾಡಿದವರು ಎಷ್ಟು ಜನ?

ಅಂಕ ಕಡಿಮೆ ಬಂದರೆ ತಡವಾಯ್ತೇ? 1990ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಭಾರ ಎತ್ತುವ ಅಭ್ಯಾಸ ಶುರು ಮಾಡಿಸಿದರು. ಒಂಬತ್ತು ಜನ ಎಂಟೂ ವಾರ ಮುಗಿಸಿದರು. ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಅಭ್ಯಾಸ ನಿಂತು ನಾಲ್ಕು ವಾರ ಕಳೆದ ಮೇಲೆ ಮತ್ತೆ ಅಳೆದರೆ, ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬಲ ಹೊರಟುಹೋಗಿತ್ತು.