ಹೂ ಬರುವ ಕೊಂಬೆಗೇ ಕತ್ತಿ ಹಾಕಿದರೆ

"ಕಕ್ಕೆ ಮರ ಮಾಡಿನೆತ್ತರ ಬೆಳೆದಿದೆ, ಸೊಪ್ಪೂ ದಟ್ಟವಾಗಿದೆ, ಹೂ ಮಾತ್ರ ಇಲ್ಲ. ಯಾವ ಗೊಬ್ಬರ ಹಾಕಲಿ?" ಬೇಸಿಗೆ ಶುರುವಾದರೆ ಶಿರಸಿ, ಕುಮಟಾ ಕಡೆಯವರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದೇ. ಗೊಬ್ಬರದ ಮಾತು ಆಮೇಲೆ. ಕೊಂಬೆ ಸವರಿದ್ದು ಯಾವಾಗ ಎಂದು ನಾನು ಮೊದಲು ವಿಚಾರಿಸುತ್ತೇನೆ. ಮಳೆ ಬಿಟ್ಟ ಮೇಲೆ, ದೀಪಾವಳಿಗೆ ಅಂಗಳ ಚೊಕ್ಕ ಮಾಡುವಾಗ ಎನ್ನುತ್ತಾರೆ. ಆ ವರ್ಷದ ಹೂ ಹೋದದ್ದು ಅಲ್ಲೇ.

ಕಕ್ಕೆಯ ಹಳದಿ ಹೂಗೊಂಚಲು ಹುಟ್ಟುವುದು ಹಿಂದಿನ ಬೆಳವಣಿಗೆಯ ಕೊಂಬೆಯಲ್ಲಿ, ಎಲೆ ಉದುರಿದ ಜಾಗದಲ್ಲಿ. ಸುರಗಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಎಲೆಯಿಲ್ಲದ ಬಲಿತ ರೆಂಬೆಯ ಮೇಲೆ ಬೆರಳಾಡಿಸಿ, ಸಣ್ಣ ಸಣ್ಣ ಗಂಟು ತಾಗುತ್ತವೆ. ಮೊಗ್ಗು ಒಡೆಯುವುದು ಆ ಗಂಟುಗಳಿಂದಲೇ. ಒಣಗಿದರೂ ಪರಿಮಳ ಕಳೆದುಕೊಳ್ಳದ ಆ ಹೂವಿನ ದಂಡೆ ಬೇಕೆಂದರೆ ಸುರಗಿಯ ಒಣಗಿದ ರೆಂಬೆ ಬಿಟ್ಟು ಬೇರೇನನ್ನೂ ಕಡಿಯಬೇಡಿ. ಸೀತಾಶೋಕವೂ ಹೂ ಬಿಡುವುದು ಬಲಿತ ಕೊಂಬೆಯಲ್ಲೇ, ನೀಲಿ ಹೂವಿನ ಅಂಜನಿಯೂ ಹಾಗೆಯೇ. ಇವನ್ನು ಸವರಲೇಬೇಕಾದರೆ ಹೂ ಮುಗಿದ ಕೂಡಲೇ ಸವರಿ. ಮಳೆಗಾಲದಲ್ಲಿ ಬಂದ ಚಿಗುರು ಬಲಿಯಲು ಆಗ ಸಮಯ ಸಿಗುತ್ತದೆ.

ಹೊಳೆದಾಸವಾಳದ ಲೆಕ್ಕ ಬೇರೆ. ಅದರ ನೇರಳೆ ಗೊಂಚಲು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಎಲೆ ಉದುರಿಸಿ ಬೋಳಾಗಿರುವಾಗ, ಚಿಗುರುವ ಮುನ್ನ ಸವರಬೇಕು. ಕೆಂಪು ಹೂವಿನ ಪೊದೆಯಾದ ಕೇಪಳಕ್ಕಾದರೆ ಬಾಡಿದ ಗೊಂಚಲು ಚಿವುಟಿದರೆ ಸಾಕು.

ಇನ್ನು ನೀರು. ಬೇರು ಊರಿದ ಕಕ್ಕೆಗೆ ಚಳಿಗಾಲ ಕಳೆದ ಮೇಲೆ ನೀರು ಬೇಡ. ಪಕ್ಕದ ಹುಲ್ಲುಹಾಸಿಗೆ ದಿನಾ ಪೈಪು ಬಿಟ್ಟರೆ ಮರ ಎಲೆ ಹಿಡಿದುಕೊಂಡೇ ಉಳಿಯುತ್ತದೆ, ಹೂ ಕಡಿಮೆಯಾಗುತ್ತದೆ. ಯೂರಿಯಾ ಸುರಿದರೂ ಸೊಪ್ಪು ಹೆಚ್ಚೀತೇ ಹೊರತು ಹೂವಲ್ಲ. ಎಳೆ ಎಲೆಯನ್ನು ಹಸಿರು ಹುಳು ತಿಂದಿದೆ ಎಂದು ಔಷಧಿ ಹೊಡೆಯಬೇಡಿ. ಹೆಚ್ಚಿನವು ತಿಳಿಹಳದಿ ವಲಸೆ ಚಿಟ್ಟೆಯ ಮರಿಗಳು, ಮರ ಮತ್ತೆ ಚಿಗುರುತ್ತದೆ.

ನೆಡುವ ವಿಷಯದಲ್ಲಿ ಕರಾವಳಿಯವರು ಚಿರೇಕಲ್ಲಿನ (ಜಂಬಿಟ್ಟಿಗೆಯ) ಬಗ್ಗೆ ಎಚ್ಚರ ವಹಿಸಬೇಕು. ಗಟ್ಟಿ ಕಲ್ಲಿನಲ್ಲಿ ಹೊಂಡ ತೋಡಿ ಮಣ್ಣು ತುಂಬಿದರೆ ಅದು ತೂತಿಲ್ಲದ ಹಂಡೆಯಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕಾರವಾರದಲ್ಲಿ ಬೇರು ಕೊಳೆಯಲು ಒಂದೇ ಮಳೆಗಾಲ ಸಾಕು. ತಳದ ಕಲ್ಲನ್ನು ಪಿಕಾಸಿಯಿಂದ ಒಡೆದು ನೀರಿಗೆ ದಾರಿ ಮಾಡಿ, ಬುಡದ ಮಣ್ಣು ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರವಿರಲಿ.

ಕಡಲಿಗೆ ಮುಖ ಮಾಡಿದ ಮನೆಯವರು ಸುರಹೊನ್ನೆ ನೆಡಿ, ಉಪ್ಪುಗಾಳಿ ಅದಕ್ಕೆ ಒಗ್ಗುತ್ತದೆ. ಸೀತಾಶೋಕಕ್ಕೆ ನೆರಳು, ತಂಪು ಬೇಕು. ಶಿರಸಿಯ ತೋಟದಂಚಿನಲ್ಲಿ ಅದು ನೆಮ್ಮದಿಯಾಗಿರುತ್ತದೆ. ಅದರ ಬೀಜ ಹೆಚ್ಚು ದಿನ ತಾಳುವುದಿಲ್ಲ, ಮಳೆಗಾಲದಲ್ಲಿ ಕೋಡು ಒಡೆದು ಬಿದ್ದದ್ದನ್ನು ಆರಿಸಿ ಆ ವಾರವೇ ಊರಿ. ಕಕ್ಕೆಯದು ಗಟ್ಟಿ ಸಿಪ್ಪೆ. ಮರಳು ಕಾಗದದಲ್ಲಿ ಒಂದು ಬದಿ ಉಜ್ಜಿ, ರಾತ್ರಿ ನೀರಲ್ಲಿ ನೆನೆಹಾಕಿ ಬಿತ್ತಿ.