ವೆಬ್‌ಸೈಟ್ ರೆಡಿ, ಗೂಗಲ್‌ನಲ್ಲಿ ಮಾತ್ರ ಕಾಣ್ತಿಲ್ಲ

"ಸೈಟ್ ಆಗಿ ತಿಂಗಳಾಯ್ತು ಸರ್, ಗೂಗಲ್‌ನಲ್ಲಿ ನಮ್ಮ ಹೆಸರೇ ಬರ್ತಿಲ್ಲ." ಹೊಸದಾಗಿ ವೆಬ್‌ಸೈಟ್ ಮಾಡಿಸಿದ ವ್ಯಾಪಾರಸ್ಥರು ಫೋನ್ ಮಾಡಿದರೆ ಹೆಚ್ಚಾಗಿ ಶುರುವಾಗುವುದೇ ಹೀಗೆ. ಅಷ್ಟರಲ್ಲಿ ಯಾರೋ ಅವರಿಗೆ "ಮೊದಲ ಪುಟಕ್ಕೆ ತರ್ತೀವಿ, ತಿಂಗಳಿಗೆ ಇಷ್ಟು ಕೊಡಿ" ಅಂದಿರುತ್ತಾರೆ. ದಯವಿಟ್ಟು ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಸೈಟ್ ಹತ್ತನೇ ಪುಟದಲ್ಲಿದೆಯೋ, ಅಥವಾ ಗೂಗಲ್‌ನ ಪಟ್ಟಿಗೆ ಇನ್ನೂ ಸೇರಿಯೇ ಇಲ್ಲವೋ ಅಂತ ಮೊದಲು ನೋಡಿ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ನೋಡುವುದು ಸುಲಭ. ಗೂಗಲ್‌ನಲ್ಲಿ 'ಸೈಟ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಹೆಸರು, ಅಂದರೆ ಸೈಟ್‌ನ ವಿಳಾಸ, ಹಾಕಿ. ಒಂದು ಪುಟವೂ ಬರದಿದ್ದರೆ ಬಹುಶಃ ಸೈಟ್ ಪಟ್ಟಿಯಲ್ಲಿಲ್ಲ. ಖಚಿತವಾಗಿ ತಿಳಿಯಬೇಕೆಂದರೆ ಸರ್ಚ್ ಕನ್ಸೋಲ್ ಬೇಕು. ಅದು ಗೂಗಲ್ಲೇ ಕೊಡುವ ಉಚಿತ ಸೌಲಭ್ಯ. ಅಲ್ಲಿ ನಿಮ್ಮ ಪುಟದ ವಿಳಾಸ ಹಾಕಿದರೆ, ಅದು ಪಟ್ಟಿಯಲ್ಲಿದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ ಅಂತ ತೋರಿಸುತ್ತದೆ.

ವರ್ಡ್‌ಪ್ರೆಸ್ ಅನ್ನುವ, ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟ್ ಆಗಿದ್ದರೆ ನಾನು ಮೊದಲು ತೆರೆಯುವುದು ಸೆಟ್ಟಿಂಗ್ಸ್ ಒಳಗಿನ 'ರೀಡಿಂಗ್' ಪುಟ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳದಿರಲಿ ಅನ್ನುವ ಒಂದು ಟಿಕ್ ಅಲ್ಲಿದೆ. ಸೈಟ್ ಕಟ್ಟುವಾಗ ಡೆವಲಪರ್ ಅದನ್ನು ಹಾಕಿಡುವುದು ಸರಿಯೇ. ಅರ್ಧಂಬರ್ಧ ಪುಟಗಳು ಹೊರಗೆ ಕಾಣಬಾರದು, ಅಲ್ವಾ? ಕೆಲಸ ಮುಗಿದ ಮೇಲೆ ತೆಗೆಯಲು ಮರೆತರೆ ಮಾತ್ರ ಎಷ್ಟು ಖರ್ಚು ಮಾಡಿದರೂ ಆ ಸೈಟ್ ಮೇಲೆ ಬರುವುದಿಲ್ಲ.

ಇನ್ನೊಂದು ತೊಂದರೆ ಕನ್ನಡದ ಸೈಟ್‌ಗಳದ್ದೇ. ಶಿರಸಿ ಕಡೆಯ ಒಬ್ಬರು ಅಡಿಕೆ ಹಾಳೆ ತಟ್ಟೆ ಮಾಡುತ್ತಾರೆ. ಸೈಟ್ ನೋಡಲು ಚೆಂದ, ವಿವರವೆಲ್ಲ ಕನ್ನಡದಲ್ಲಿ. ಆದರೆ 'ಹಾಳೆ ತಟ್ಟೆ' ಅಂತ ಹುಡುಕಿದರೆ ಅವರ ಪುಟವೇ ಇಲ್ಲ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿದೆ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪ್ರೆಸ್‌ನಲ್ಲಿ ಕರಪತ್ರಕ್ಕೆ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನೇ ಸೈಟ್‌ಗೂ ಹಾಕಿದ್ದರು. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ. ಅದಲ್ಲದ ಫಾಂಟ್‌ಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಗೂಗಲ್ ಓದುವುದು ಒಳಗಿರುವುದನ್ನು. ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕೂತು ತಿದ್ದಬೇಕು, ಅಷ್ಟೆ. ನಿಮ್ಮ ಸೈಟ್‌ನಲ್ಲೂ ಹೀಗೆ ಪರೀಕ್ಷೆ ಮಾಡಿ. ಸಾಲನ್ನು ಸೆಲೆಕ್ಟ್ ಮಾಡಲೇ ಆಗದಿದ್ದರೆ ಅದು ಬಹುಶಃ ಚಿತ್ರ. ಪೋಸ್ಟರ್ ಒಳಗಿನ ಬರಹವನ್ನೇ ನಂಬಿಕೊಳ್ಳಬೇಡಿ, ಅದೇ ವಿವರವನ್ನು ಪುಟದಲ್ಲಿ ಅಕ್ಷರವಾಗಿಯೂ ಬರೆಯಿಸಿ.

ಪುಟದ ಶೀರ್ಷಿಕೆಯೂ ಮುಖ್ಯ. ಬರೀ 'ಹೋಮ್' ಅಂತ ಇಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಅಡಿಕೆ ಹಾಳೆ ತಟ್ಟೆ ತಯಾರಕರು, ಶಿರಸಿ' ಅಂತಿರಲಿ. ಬೇರೆ ರಾಜ್ಯದ ಗಿರಾಕಿಗಳೂ ಬೇಕಿದ್ದರೆ ಇಂಗ್ಲಿಷ್‌ಗೆ ಬೇರೆಯೇ ಪುಟ ಮಾಡಿಸಿ. ಶೀರ್ಷಿಕೆ ಬಿಟ್ಟು ಕೀವರ್ಡ್ಸ್ ಮೆಟಾ ಟ್ಯಾಗ್‌ನಲ್ಲಿ (ಪುಟದ ಕೋಡ್ ಒಳಗಿರುವ, ನೋಡುವವರಿಗೆ ಕಾಣದ ಜಾಗ) ಪದಗಳನ್ನು ತುಂಬಿಸುವವರು ಈಗಲೂ ಇದ್ದಾರೆ. ರ್‍ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಇಷ್ಟಾದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್, ಅಂದರೆ ನಿಮ್ಮ ಸೈಟ್‌ನ ಪುಟಗಳ ಪಟ್ಟಿ, ಸಲ್ಲಿಸಿ. ವರ್ಡ್‌ಪ್ರೆಸ್ 5.5ರಿಂದ ಅದು ತಾನಾಗಿಯೇ ತಯಾರಾಗುತ್ತದೆ. ಮುಖ್ಯ ಪುಟಗಳಿಗೆ ಇಂಡೆಕ್ಸಿಂಗ್ ಕೋರಿಕೆ (ಗೂಗಲ್‌ನ ಪಟ್ಟಿಗೆ ಸೇರಿಸಿ ಅನ್ನುವ ಕೋರಿಕೆ) ಕಳಿಸಿ, ಕಾಯಿರಿ. ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು. ದಿನಾ ಅದೇ ಪುಟಕ್ಕೆ ಕೋರಿಕೆ ಒತ್ತಿದರೆ ಬೇಗ ಆಗುವುದಿಲ್ಲ. ದುಡ್ಡು ಕೊಟ್ಟರೂ ಅಷ್ಟೇ, ಮಾಮೂಲಿ ಫಲಿತಾಂಶಗಳಲ್ಲಿ ಜಾಗ ಕೊಡಲು ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ. ಜಾಹೀರಾತಿನ ಲೆಕ್ಕ ಬೇರೆ.

ಕಾಯುವ ಹೊತ್ತಲ್ಲಿ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪ್‌ನಲ್ಲಿ ಕಾಣುವ ನಿಮ್ಮ ವ್ಯಾಪಾರದ ವಿವರ, ತುಂಬಿಸಿ. ಅಂಗಡಿಗೆ ಗಿರಾಕಿ ಬರುವ ವ್ಯಾಪಾರವಾದರೆ, ಮ್ಯಾಪ್‌ನಲ್ಲಿ ಕಾಣುವುದರಿಂದ ಸೈಟ್‌ಗಿಂತ ಜಾಸ್ತಿ ಉಪಯೋಗವಾಗಬಹುದು. ಮತ್ತೆ ಈ ಖಾತೆಗಳೆಲ್ಲ ನಿಮ್ಮ ಇಮೇಲ್‌ನಲ್ಲೇ ಇರಲಿ, ಡೆವಲಪರ್‌ಗೆ ಬಳಸಲು ಅನುಮತಿ ಕೊಟ್ಟರೆ ಸಾಕು. ಈಗಾಗಲೇ ಅವರ ಹೆಸರಲ್ಲಿ ಮಾಡಿದ್ದರೆ, ಕೊನೆಯ ಕಂತು ಕೊಡುವ ಮುಂಚೆಯೇ ನಿಮ್ಮನ್ನು ಓನರ್ ಆಗಿ ಸೇರಿಸಲು ಹೇಳಿ.