ಐನೂರು ಆಟಗಾರರಲ್ಲಿ ಒಬ್ಬರೂ ಇಲ್ವಾ?

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್‌ಗಳಿವೆ. ಒಂದೊಂದು ಕ್ಲಬ್‌ನ ಮುಖ್ಯ ಪಟ್ಟಿಯಲ್ಲಿ ಸುಮಾರು 25 ಆಟಗಾರರು. ಒಟ್ಟು 500 ಗಂಡಸರು ಅಂತ ಇಟ್ಟುಕೊಳ್ಳಿ. ಈ ಲೀಗ್ ಶುರುವಾದದ್ದು 1992ರಲ್ಲಿ. ಅಲ್ಲಿ ಆಡುತ್ತಿರುವಾಗಲೇ ‘ನಾನು ಗೇ’ (ಗಂಡಸರ ಮೇಲೇ ಆಕರ್ಷಣೆ ಇರುವ ಗಂಡಸು) ಎಂದು ಎಲ್ಲರೆದುರು ಹೇಳಿಕೊಂಡ ಆಟಗಾರ ಇದುವರೆಗೆ ಒಬ್ಬನೂ ಇಲ್ಲ.

ಈ ಪಂದ್ಯಗಳನ್ನು ನಿದ್ದೆಗೆಟ್ಟು ನೋಡುವ ಹುಡುಗರಿಗೆ ಬಳ್ಳಾರಿಯಲ್ಲಿ ಕೊರತೆಯಿಲ್ಲ. ಬೆಳಗಾದರೆ ಒಗ್ಗಾಣಿ-ಮಿರ್ಚಿ ಮುಂದೆ ಅದೇ ಮಾತು. ಅವರಲ್ಲಿ ಯಾರನ್ನಾದರೂ ಕೇಳಿ ನೋಡಿ. ‘ಫುಟ್‌ಬಾಲ್ ಆಡೋರಾಗ ಅಂಥವರು ಇರಂಗಿಲ್ಲ ಬಿಡ್ರಿ’ ಅನ್ನುವ ಉತ್ತರ ಬಂದರೆ ಆಶ್ಚರ್ಯ ಬೇಡ. ಇದು ನಿಜವೋ ಸುಳ್ಳೋ ಎಂದು ವಾದ ಮಾಡುವುದಕ್ಕಿಂತ ಲೆಕ್ಕ ಹಾಕುವುದು ಸುಲಭ.

ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ 16 ವರ್ಷ ದಾಟಿದವರಿಗೆ ಈ ಬಗ್ಗೆ ಒಂದು ಪ್ರಶ್ನೆ ಇತ್ತು. ಉತ್ತರಿಸಲೇಬೇಕು ಎಂದೇನಿರಲಿಲ್ಲ. ಆದರೂ ಶೇಕಡ 1.5ರಷ್ಟು ಜನ ತಾವು ಗೇ ಅಥವಾ ಲೆಸ್ಬಿಯನ್ ಎಂದು ಬರೆದರು. ಇನ್ನೂ 1.3ರಷ್ಟು ಜನ ತಮಗೆ ಗಂಡು ಹೆಣ್ಣು ಇಬ್ಬರ ಮೇಲೂ ಆಕರ್ಷಣೆ ಇದೆ ಎಂದರು. ನಾವು ಜಿಪುಣತನ ಮಾಡಿ ಬರೀ ಶೇಕಡ 1 ಎಂದೇ ಹಿಡಿಯೋಣ. ಆಗ ಒಬ್ಬ ಆಟಗಾರ ಗೇ ಅಲ್ಲದಿರುವ ಸಾಧ್ಯತೆ 0.99. ಐನೂರು ಮಂದಿಯಲ್ಲಿ ಒಬ್ಬನೂ ಇಲ್ಲದಿರಬೇಕಾದರೆ 0.99 ಅನ್ನು ಅದರಿಂದಲೇ ಐನೂರು ಸಲ ಗುಣಿಸಬೇಕು. ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು. ಉತ್ತರ 0.0066. ಅಂದರೆ ನೂರೈವತ್ತರಲ್ಲಿ ಒಂದು ಸಾಧ್ಯತೆ. ಶೇಕಡ 1.5 ಎಂದು ಹಿಡಿದರೆ ಅದು ಸುಮಾರು ಎರಡು ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ಇದು ಒಂದು ವರ್ಷದ ಮಾತು. ಆಟಗಾರರು ಬದಲಾಗುತ್ತಲೇ ಇರುತ್ತಾರೆ, ಹಾಗಾಗಿ ಮೂವತ್ತು ವರ್ಷಕ್ಕೆ ಈ ಸಾಧ್ಯತೆ ಲೆಕ್ಕಕ್ಕೇ ಸಿಗದಷ್ಟು ಸಣ್ಣದು.

ಲೆಕ್ಕ ಬಲ್ಲವರು ಇಲ್ಲಿ ಒಂದು ತಕರಾರು ಎತ್ತಬಹುದು, ಎತ್ತಲೂಬೇಕು. ಈ ಐನೂರು ಮಂದಿಯನ್ನು ಚೀಟಿ ಎತ್ತಿ ಆರಿಸಿಲ್ಲ. ಎಳೆ ವಯಸ್ಸಿನಿಂದ ಸೋಸಿ ಸೋಸಿ ಉಳಿದವರು ಅವರು. ಗೇ ಹುಡುಗರು ನಡುವೆಯೇ ಆಟ ಬಿಟ್ಟು ಹೋಗಿದ್ದರೆ? ಹೌದು, ಹಾಗೂ ಆಗಿರಬಹುದು. ದೊಡ್ಡ ಮಟ್ಟದ ತರಬೇತಿ ಅಂದರೇನು ಎನ್ನುವುದು ನಮ್ಮ ಜಿಲ್ಲೆಯವರಿಗೆ ತೋರಣಗಲ್ಲಿನಿಂದಾಗಿ ಗೊತ್ತಿದೆ. 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇರುವುದು ಅಲ್ಲೇ. ಬೆಂಗಳೂರು ಎಫ್‌ಸಿ ತಂಡ ಸೀಸನ್‌ಗೆ ಮೊದಲು ಬಂದು ತಯಾರಿ ನಡೆಸಿದ್ದೂ ಅಲ್ಲೇ. ಫುಟ್‌ಬಾಲ್ ಅಕಾಡೆಮಿಗಳಲ್ಲಿ ಹುಡುಗರನ್ನು ಸೋಸುವ ಕೆಲಸ ಹನ್ನೆರಡು, ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲೂ ನಡೆದೇ ಇರುತ್ತದೆ. ಯಾರ ಮೇಲೆ ಮನಸ್ಸು ವಾಲುತ್ತದೆ ಎಂಬುದು ಎಷ್ಟೋ ಹುಡುಗರಿಗೆ ಗೊತ್ತಾಗುವ ವಯಸ್ಸೂ ಅದೇ. ಆಗಲೇ ಮನೆ ಬಿಟ್ಟು ಹಾಸ್ಟೆಲ್ ವಾಸ. ಒಂದೇ ರೂಮು, ಒಂದೇ ಡ್ರೆಸ್ಸಿಂಗ್ ರೂಮು, ಇಡೀ ದಿನ ಹುಡುಗರದ್ದೇ ಗೇಲಿ. ಆಟದ ಮೇಲೆ ಎಷ್ಟೇ ಪ್ರೀತಿ ಇದ್ದರೂ ‘ಮಂಡಿ ನೋವು’ ಅಂತ ಹೇಳಿ ಊರಿಗೆ ಮರಳುವವರು ಇದ್ದಾರು. ಆದರೆ ಎಲ್ಲರೂ ಹಾಗೆ ಹೋಗುವುದಿಲ್ಲ ಎನ್ನುವುದಕ್ಕೆ ಪುರಾವೆ ಇದೆ. ಅಲ್ಲಿಗೇ ಬರುತ್ತೇನೆ.

ಅದಕ್ಕೆ ಮೊದಲು ‘ನೋಡಿದ್ರೆ ಗೊತ್ತಾಗ್ತದೆ’ ಅನ್ನುವ ಮಾತು. ಎವೆಲಿನ್ ಹೂಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1957ರಲ್ಲೇ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. 30 ಸಲಿಂಗಿ ಗಂಡಸರು, 30 ಇತರ ಗಂಡಸರು. ಎಲ್ಲರಿಗೂ ಅಂದಿನ ಕಾಲದ ಮಾನಸಿಕ ಪರೀಕ್ಷೆಗಳನ್ನು ಕೊಟ್ಟು, ಹೆಸರು ತೆಗೆದು, ಫಲಿತಾಂಶವನ್ನು ಪರಿಣತರ ಮುಂದಿಟ್ಟರು. ಯಾರು ಯಾವ ಗುಂಪಿನವರು ಹೇಳಿ ಎಂದರು. ಸುಮ್ನೆ ಊಹೆ ಮಾಡಿದಷ್ಟೇ ಸರಿ ಹೋಯಿತು, ಅದಕ್ಕಿಂತ ಹೆಚ್ಚಲ್ಲ. ಸಲಿಂಗ ಆಕರ್ಷಣೆ ಕಾಯಿಲೆ ಅಲ್ಲ ಎಂದು 1973ರಲ್ಲಿ ಅಮೆರಿಕದ ಮನೋವೈದ್ಯರು ತೀರ್ಮಾನಿಸಿದ್ದರ ಹಿಂದೆ ಈ ಕೆಲಸವೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತನ್ನ ಪಟ್ಟಿಯಿಂದ ಅದನ್ನು ತೆಗೆಯಿತು. ನಮ್ಮ ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು ದಂಡ ಸಂಹಿತೆಯ 377ನೇ ಕಲಮಿನ ಅಪರಾಧದಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ಹುಲಿಗಿಯ ಹುಲಿಗೆಮ್ಮನ ಜಾತ್ರೆಗೆ ಹೋದವರೆಲ್ಲ ಜೋಗಪ್ಪಗಳನ್ನು ನೋಡಿರುತ್ತಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಾಗಾಗಿ ಈ ಭಾಗದ ಜನ ಇಂಥ ವಿಷಯ ಕೇಳೇ ಇಲ್ಲ ಎನ್ನುವುದು ತಪ್ಪು. ಪಟ್ಟಣದ ಎಷ್ಟೋ ಓದಿದವರಿಗಿಂತ ಇಲ್ಲಿನ ಹಳ್ಳಿಯ ಅಜ್ಜಿಯರಿಗೆ ಇದರ ಪರಿಚಯ ಜಾಸ್ತಿ ಎಂದೇ ನನ್ನ ಅನಿಸಿಕೆ. ಆದರೆ ಪರಿಚಯ ಇರುವುದು ಒಂದು ರೂಪದ್ದು ಮಾತ್ರ: ಸೀರೆ ಉಟ್ಟ, ದೇವಿಗೆ ಬಿಟ್ಟ, ಗಂಡಸಿನ ಬದುಕು ತೊರೆದ ವ್ಯಕ್ತಿ. ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಒಂದು. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದು ಇನ್ನೊಂದು. ವಿಜ್ಞಾನ ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯುತ್ತದೆ. ಗಡ್ಡ ಬಿಟ್ಟು, ಎದುರಾಳಿಯ ಕಾಲಿಗೆ ಜಾರಿ ಬಿದ್ದು ಚೆಂಡು ಕಸಿಯುವ ಡಿಫೆಂಡರ್‌ಗೆ ಗಂಡಸಿನ ಮೇಲೇ ಪ್ರೀತಿ ಇರಬಹುದು ಎಂದರೆ ಜನಕ್ಕೆ ನಂಬಿಕೆ ಬರುವುದಿಲ್ಲ. ಅವನನ್ನು ಇಡಲು ತಲೆಯಲ್ಲಿ ಜಾಗವೇ ಇಲ್ಲ.

ಅಂಥ ಆಟಗಾರರು ಇದ್ದರು, ಇದ್ದಾರೆ. ಜಸ್ಟಿನ್ ಫಶಾನು 1981ರಲ್ಲಿ ನಾರ್ವಿಚ್‌ನಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹತ್ತು ಲಕ್ಷ ಪೌಂಡ್‌ಗೆ ಹೋದ. ಬ್ರಿಟನ್ನಿನಲ್ಲಿ ಅಷ್ಟು ಬೆಲೆ ಪಡೆದ ಮೊದಲ ಕಪ್ಪು ಆಟಗಾರ. ಅವನು ಗೇ ಕ್ಲಬ್‌ಗಳಿಗೆ ಹೋಗುತ್ತಾನೆಂದು ತಿಳಿದ ಮ್ಯಾನೇಜರ್ ಬ್ರಯನ್ ಕ್ಲಫ್ ತರಬೇತಿಗೇ ಸೇರಿಸಲಿಲ್ಲ. 1990ರ ಅಕ್ಟೋಬರ್‌ನಲ್ಲಿ ಫಶಾನು ಪತ್ರಿಕೆಯ ಮೂಲಕ ಬಹಿರಂಗವಾಗಿ ಹೇಳಿಕೊಂಡ. ಗ್ಯಾಲರಿ ಅವನನ್ನು ಹಂಗಿಸಿತು, ಸ್ವಂತ ತಮ್ಮನೇ ದೂರ ಮಾಡಿದ. 1998ರ ಮೇ ತಿಂಗಳಲ್ಲಿ, 37ನೇ ವಯಸ್ಸಿಗೆ, ಆತ್ಮಹತ್ಯೆ ಮಾಡಿಕೊಂಡ. ಆ ಹೊತ್ತಿಗೆ ಅಮೆರಿಕದಲ್ಲಿ ಅವನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪವೂ ಬಂದಿತ್ತು, ಆದ್ದರಿಂದ ಆ ಸಾವನ್ನು ಒಂದೇ ಕಾರಣಕ್ಕೆ ಗಂಟು ಹಾಕುವುದು ಸರಿಯಲ್ಲ. ಆದರೆ ಡ್ರೆಸ್ಸಿಂಗ್ ರೂಮುಗಳು ಅವನ ಕಥೆಯಿಂದ ಕಲಿತ ಪಾಠ ಒಂದೇ: ಬಾಯಿ ಮುಚ್ಚಿಕೊಂಡಿರು.

ಆಮೇಲೆ ಬಾಯಿ ಬಿಟ್ಟವರು ಬಿಡಿ ಬಿಡಿಯಾಗಿ ಬಂದರು. ಅಮೆರಿಕದ ರಾಬಿ ರೋಜರ್ಸ್ 2013ರಲ್ಲಿ 25ರ ಹರೆಯದಲ್ಲೇ ನಿವೃತ್ತಿ ಹೇಳುತ್ತಾ ತಿಳಿಸಿದ. ಕೆಲವೇ ತಿಂಗಳಲ್ಲಿ ಮನಸ್ಸು ಬದಲಿಸಿ ಎಲ್‌ಎ ಗ್ಯಾಲಕ್ಸಿ ತಂಡದಲ್ಲಿ ಮತ್ತೆ ಆಡಿದ. ಜರ್ಮನಿಗೆ 52 ಪಂದ್ಯ ಆಡಿದ ಥಾಮಸ್ ಹಿಟ್ಜ್‌ಲ್‌ಸ್ಪರ್ಗರ್ ಹೇಳಿದ್ದು 2014ರಲ್ಲಿ, ಬೂಟು ಕಳಚಿಟ್ಟ ಮೇಲೆ. ಆಸ್ಟ್ರೇಲಿಯಾದ ಜೋಶ್ ಕವಾಲೊ 2021ರಲ್ಲಿ, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್ 2022ರಲ್ಲಿ 17ನೇ ವಯಸ್ಸಿಗೆ, ಝೆಕ್ ದೇಶದ ಯಾಕುಬ್ ಯಾಂಕ್ಟೊ 2023ರಲ್ಲಿ. ಇಷ್ಟು ದೊಡ್ಡ ಆಟಕ್ಕೆ ಈ ಪಟ್ಟಿ ತೀರಾ ಚಿಕ್ಕದು ಅಲ್ವಾ?

ಗುಟ್ಟು ಇಟ್ಟುಕೊಳ್ಳುವುದಕ್ಕೆ ಏನು ಖರ್ಚು ಎಂದು ಕೇಳಬಹುದು. ಬಾಯಿ ಮುಚ್ಚಿಕೊಂಡು ಆಡಿದರಾಯಿತಲ್ಲ? ಕ್ಲೇಟನ್ ಕ್ರಿಚರ್ ಮತ್ತು ಮೆಲಿಸಾ ಫರ್ಗುಸನ್ ಎಂಬ ಸಂಶೋಧಕರು 2014ರಲ್ಲಿ ಇದನ್ನು ಅಳೆಯಲು ನೋಡಿದರು. ಕೆಲವರಿಗೆ ಸಂದರ್ಶನದಲ್ಲಿ ‘ನಿಮ್ಮ ಆಕರ್ಷಣೆ ಯಾರ ಮೇಲೆ ಎಂಬ ಸುಳಿವು ಕೊಡಬೇಡಿ’ ಎಂದರು. ಉಳಿದವರಿಗೆ ಆ ಕಟ್ಟುಪಾಡಿಲ್ಲ. ಆಮೇಲೆ ಎಲ್ಲರಿಗೂ ಬೇರೆ ಕೆಲಸ ಕೊಟ್ಟರು. ಮುಚ್ಚಿಟ್ಟು ಮಾತಾಡಿದವರು ಆಕಾರಗಳನ್ನು ತಲೆಯಲ್ಲೇ ತಿರುಗಿಸಿ ನೋಡುವಂಥ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಕೈಹಿಡಿಯನ್ನು ಹಿಸುಕಿ ಹಿಡಿಯುವುದರಲ್ಲೂ ಬೇಗ ಸೋತರು. ‘ಅವನು’ ಎಂದು ಬಾಯಿಗೆ ಬಂದದ್ದನ್ನು ನುಂಗಿ ‘ಅವಳು’ ಎನ್ನಬೇಕು. ಪ್ರತಿ ವಾಕ್ಯಕ್ಕೂ ಒಳಗೆ ಒಬ್ಬ ಕಾವಲುಗಾರ. ಆ ಕಾವಲಿನ ಕೂಲಿ ಬೇರೆಲ್ಲಿಂದಲೋ ಬರಬೇಕು. ಇಂಥ ‘ಮನಸ್ಸಿನ ದಣಿವಿನ’ ಪ್ರಯೋಗಗಳು ಮರುಪರೀಕ್ಷೆಯಲ್ಲಿ ಎಲ್ಲ ಸಲ ಗೆದ್ದಿಲ್ಲ, ಹಾಗಾಗಿ ಇದನ್ನು ಕೊನೆಯ ಮಾತು ಎಂದುಕೊಳ್ಳಬೇಡಿ. ಮೈಕಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದು ನನಗೆ ಹೆಚ್ಚು ಗಟ್ಟಿ ಎನಿಸುತ್ತದೆ. ಜನ ತಮ್ಮ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡಬೇಕಾಗಿ ಬರುವ ಸಂದರ್ಭ ಕಡಿಮೆಯೇ. ಒಬ್ಬರೇ ಇದ್ದಾಗ ಅದರ ಬಗ್ಗೆ ಯೋಚಿಸುವುದೇ ಜಾಸ್ತಿ. ನೆಮ್ಮದಿ ಕೆಡಿಸುವುದೂ ಆ ಯೋಚನೆಯೇ.

ಜೇಕ್ ಡೇನಿಯಲ್ಸ್ ತಾಯಿಗೂ ಸೋದರಿಗೂ ವಿಷಯ ಹೇಳಿದ ಮರುದಿನ ಆಕ್ರಿಂಗ್ಟನ್ ತಂಡದ ವಿರುದ್ಧ ನಾಲ್ಕು ಗೋಲು ಹೊಡೆದನಂತೆ. ಒಂದು ಪಂದ್ಯದಿಂದ ವಿಜ್ಞಾನ ಹುಟ್ಟುವುದಿಲ್ಲ. ಆದರೂ ನಾಲ್ಕು ಗೋಲು!

ಈಗ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ಭಾಗ. ಎಲ್ಲಿಸ್ ಕ್ಯಾಶ್‌ಮೋರ್ ಮತ್ತು ಜೇಮಿ ಕ್ಲೀಲ್ಯಾಂಡ್ ಎಂಬ ಸಮಾಜಶಾಸ್ತ್ರಜ್ಞರು ಸುಮಾರು 3,500 ಫುಟ್‌ಬಾಲ್ ಅಭಿಮಾನಿಗಳನ್ನು ಆನ್‌ಲೈನ್‌ನಲ್ಲಿ ಕೇಳಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟದಲ್ಲಿ ಸಲಿಂಗಿ ದ್ವೇಷಕ್ಕೆ ಜಾಗವಿಲ್ಲ ಎಂದವರು ಶೇಕಡ 93. ತಾವಾಗಿಯೇ ಬಂದು ಉತ್ತರ ಕೊಟ್ಟವರು ಇವರು, ಒಳ್ಳೆಯ ಮನಸ್ಸಿನವರೇ ಹೆಚ್ಚು ಬಂದಿರಬಹುದು. ಅರ್ಧ ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ. ಹಾಗಿದ್ದರೆ ಆಟಗಾರ ಯಾರಿಗೆ ಹೆದರುತ್ತಾನೆ?

ಉತ್ತರದ ಒಂದು ತುದಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆ. ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ 1993ರಲ್ಲಿ ಅಲ್ಲಿನ ಹುಡುಗ ಹುಡುಗಿಯರನ್ನು ಕುಡಿತದ ಬಗ್ಗೆ ಕೇಳಿದರು. ‘ನನಗೆ ಇಷ್ಟೊಂದು ಕುಡಿಯೋದು ಹಿಡಿಸಲ್ಲ, ಆದ್ರೆ ಉಳಿದವರಿಗೆಲ್ಲ ಇಷ್ಟ’ ಎಂಬುದೇ ಹೆಚ್ಚಿನವರ ಉತ್ತರದ ಸಾರ. ಎಲ್ಲರೂ ಹಾಗೆಂದರೆ ಆ ‘ಉಳಿದವರು’ ಯಾರು? ಯಾರೂ ಇಲ್ಲ. ಪ್ರತಿಯೊಬ್ಬನೂ ಬೇರೆಯವರ ಮನಸ್ಸನ್ನು ತಪ್ಪಾಗಿ ಊಹಿಸಿ, ಆ ಊಹೆಗೆ ತಕ್ಕಂತೆ ನಡೆಯುತ್ತಾನೆ. ಅವನ ನಡೆ ನೋಡಿ ಇನ್ನೊಬ್ಬನ ಊಹೆ ಗಟ್ಟಿಯಾಗುತ್ತದೆ. ಡ್ರೆಸ್ಸಿಂಗ್ ರೂಮಿನಲ್ಲಿ ನಡೆಯುವುದೂ ಇದೇ. ಒಬ್ಬ ಕೆಟ್ಟ ಜೋಕ್ ಹೇಳುತ್ತಾನೆ. ಹತ್ತು ಜನ ನಗುತ್ತಾರೆ. ಅದರಲ್ಲಿ ಏಳು ಮಂದಿಗೆ ನಗು ಬಂದಿಲ್ಲ. ಮೂಲೆಯಲ್ಲಿ ಕೂತು ಬೂಟಿನ ಲೇಸು ಕಟ್ಟುವವನಿಗೆ ಕೇಳಿಸುವುದು ಹತ್ತು ನಗು.

ನಮ್ಮ ಮೈದಾನಗಳ ಮಾತು ಕೇಳಿ. ಪಾಸ್ ತಪ್ಪಿದರೆ ‘ಬಳೆ ಹಾಕ್ಕೊ ಹೋಗು’. ಡಿಕ್ಕಿ ತಪ್ಪಿಸಿಕೊಂಡರೆ ‘ಹೆಣ್ಣಿಗ’. ಹೇಳಿದವನನ್ನು ಕೇಳಿದರೆ ‘ಏ, ಸುಮ್ನೆ ಅಂದೆ’ ಅನ್ನುತ್ತಾನೆ. ಅದು ಪೂರ್ತಿ ಸುಳ್ಳಲ್ಲ. ಮೊನಾಶ್ ವಿಶ್ವವಿದ್ಯಾಲಯದ ಎರಿಕ್ ಡೆನಿಸನ್ ಆಸ್ಟ್ರೇಲಿಯಾದ ರಗ್ಬಿ ಹುಡುಗರಲ್ಲಿ ಕಂಡದ್ದೂ ಇದನ್ನೇ. ಅರ್ಧಕ್ಕಿಂತ ಹೆಚ್ಚು ಹುಡುಗರು ಇಂಥ ಬೈಗುಳ ಬಳಸುವುದನ್ನು ಒಪ್ಪಿಕೊಂಡರು. ಆದರೆ ಬೈಯುವುದಕ್ಕೂ ಸಲಿಂಗಿಗಳ ಮೇಲಿನ ದ್ವೇಷಕ್ಕೂ ನಂಟು ಕಾಣಲಿಲ್ಲ. ತಂಡದವರೆಲ್ಲ ಬೈಯುತ್ತಾರೆ, ಅದಕ್ಕೆ ನಾನೂ ಬೈಯುತ್ತೇನೆ, ಅಷ್ಟೇ. ಹಾಗಾದರೆ ತಿಳಿಹೇಳಿದರೆ ಸರಿಹೋಗಬೇಕಲ್ಲ? ದೊಡ್ಡ ತಂಡದ ವೃತ್ತಿಪರ ಆಟಗಾರರನ್ನೇ ಕರೆಸಿ ಹುಡುಗರಿಗೆ ಪಾಠ ಮಾಡಿಸಿದರು. ಪಾಠ ಕೇಳಿದ ತಂಡಗಳಲ್ಲೂ ಕೇಳದ ತಂಡಗಳಲ್ಲೂ ಬೈಗುಳ ಅಷ್ಟೇ ಉಳಿಯಿತು. ಭಾಷಣದಿಂದ ಎಲ್ಲ ಆಗುತ್ತದೆ ಎಂದು ನಂಬುವ ನಮ್ಮ ಸಭೆ ಸಮಾರಂಭಗಳವರು ಇದನ್ನೊಮ್ಮೆ ಓದಬೇಕು.

ಭಯ ಬರೀ ಊಹೆಯದ್ದಲ್ಲ ಎಂಬುದನ್ನೂ ಹೇಳಬೇಕು. 2022ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಗ್ಯಾಲರಿ ಕವಾಲೊನನ್ನು ಹೀನಾಯವಾಗಿ ಬೈಯಿತು, ಎದುರಾಳಿ ಕ್ಲಬ್‌ಗೆ ದಂಡ ಬಿತ್ತು. ಕತಾರ್‌ನಲ್ಲಿ ಸಲಿಂಗ ಸಂಬಂಧ ಅಪರಾಧ, ಅದೇ ವರ್ಷದ ವಿಶ್ವಕಪ್ ಅಲ್ಲೇ ನಡೆಯಿತು. ಹಣ ಕೊಲ್ಲಿ ದೇಶಗಳ ಕಡೆ ಹರಿಯುತ್ತಿರುವಾಗ ಆಟಗಾರನ ಏಜೆಂಟ್ ಏನು ಸಲಹೆ ಕೊಡುತ್ತಾನೆ ಎಂದು ಊಹಿಸಲು ಸಂಶೋಧನೆ ಬೇಡ. ಇತ್ತ ಮಹಿಳಾ ಫುಟ್‌ಬಾಲ್‌ನಲ್ಲಿ ಚಿತ್ರ ಪೂರ್ತಿ ಬೇರೆ. ಅಮೆರಿಕದ ಮೇಗನ್ ರಪಿನೊ, ಆಸ್ಟ್ರೇಲಿಯಾದ ಸ್ಯಾಮ್ ಕರ್ ಅಂಥವರು ತಂಡದ ನಾಯಕಿಯರಾಗಿಯೇ ಬಹಿರಂಗವಾಗಿ ಬದುಕಿದರು. ಅಲ್ಲಿ ಇದು ಸುದ್ದಿಯೇ ಅಲ್ಲ. ಅಂದರೆ ತೊಡಕು ಚೆಂಡಿನಲ್ಲಾಗಲೀ ಮೈದಾನದಲ್ಲಾಗಲೀ ಇಲ್ಲ. ‘ಗಂಡಸ್ತನ’ ಸಾಬೀತು ಮಾಡುವ ಕೆಲಸವನ್ನು ಪುರುಷರ ಆಟಕ್ಕೆ ಅಂಟಿಸಿದ್ದೇವೆ, ಅದರಲ್ಲಿದೆ.

ಜತೆಯಲ್ಲಿ ಆಡಿದರೆ ಮನಸ್ಸು ಬದಲಾಗುತ್ತದೆಯೇ? ಐಸಿಸ್ ದಾಳಿಯಲ್ಲಿ ಊರು ಬಿಟ್ಟಿದ್ದ ಇರಾಕಿನ ಕ್ರೈಸ್ತರ ನಡುವೆ ಸಲ್ಮಾ ಮೂಸಾ ಎಂಬ ಸಂಶೋಧಕಿ ಫುಟ್‌ಬಾಲ್ ಲೀಗ್ ನಡೆಸಿದರು. ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು, ಕೆಲವಕ್ಕೆ ಇಲ್ಲ. ಫಲಿತಾಂಶ ಬಂದದ್ದು 2020ರಲ್ಲಿ. ಬೆರೆತು ಆಡಿದವರು ಆರು ತಿಂಗಳ ನಂತರವೂ ಮುಸ್ಲಿಮರ ಜತೆ ಅಭ್ಯಾಸ ಮಾಡುತ್ತಿದ್ದರು. ಮೈದಾನದ ಆಚೆ, ಗುರುತಿಲ್ಲದ ಮುಸ್ಲಿಮರ ಜತೆಗಿನ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. ನಮ್ಮ ವಿಷಯಕ್ಕೆ ಇದನ್ನು ತಂದರೆ ಒಂದು ತೊಡಕಿದೆ. ಪಕ್ಕದವನು ಕ್ರೈಸ್ತನೋ ಮುಸ್ಲಿಮನೋ ಎಂದು ಹೆಸರು ಕೇಳಿದರೇ ಗೊತ್ತಾಗುತ್ತದೆ. ಗೇ ಆಟಗಾರನ ಜತೆ ಹತ್ತು ವರ್ಷ ಆಡಿದರೂ, ಅವನು ಹೇಳುವವರೆಗೆ, ಆಡಿದ್ದೇನೆಂದೇ ಗೊತ್ತಾಗುವುದಿಲ್ಲ. ಹಾಗಾಗಿ ಆ ಹತ್ತು ವರ್ಷ ಯಾರ ಮನಸ್ಸನ್ನೂ ಬದಲಿಸುವುದಿಲ್ಲ.

ಡೇನಿಯಲ್ಸ್ ಪತ್ರಕರ್ತರಿಗಿಂತ ಮೊದಲು ಹೇಳಿದ್ದು ಬ್ಲ್ಯಾಕ್‌ಪೂಲ್‌ನ ತನ್ನ ಜತೆಗಾರರಿಗೆ. ತಾನು ಗೇ ಎಂದು ಅವನಿಗೆ ಐದಾರು ವರ್ಷದವನಿದ್ದಾಗಲೇ ಗೊತ್ತಿತ್ತಂತೆ. ಅಷ್ಟು ವರ್ಷ ಅಂಜಿಕೊಂಡು ಕಾದಿಟ್ಟದ್ದನ್ನು ಹೇಳಿ ಮುಗಿಸಿದಾಗ ಹುಡುಗರು ಅವನನ್ನು ಕೇಳಿದ್ದು, ಮೊದಲೇ ಯಾಕೆ ಹೇಳಲಿಲ್ಲ ಅಂತ.